ಒಂದು ತಕಾರದ ದೆಸೆಯಿಂದ

ನಮ್ಮ ಮನೆತನದ ಚರಿತ್ರೆಯಲ್ಲಿ ಸಿಎ ಎಂಬ ಎರಡಕ್ಷರ ಪ್ರವೇಶಿಸಿದ್ದು ಒಂದು ಭಾನುವಾರ, ಭಜಿಯ ತಟ್ಟೆಯ ಜೊತೆಗೆ. ಎರಡು ಸಾವಿರದ ದಶಕ ಇನ್ನೂ ಅರ್ಧ ಸವೆದಿರಲಿಲ್ಲ. ನಾನು ಚಿಕ್ಕೋಡಿಯಲ್ಲಿ ಬಿ.ಕಾಂ. ಮುಗಿಸಿ ಉಗಾರಕ್ಕೆ ಮರಳಿದ್ದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಡೆ ದುಡಿಯುತ್ತಿದ್ದ ಅಪ್ಪ, ಅಲ್ಲಿಯೇ ನನಗೊಂದು ಕಾರಕೂನನ ಕೆಲಸಕ್ಕೆ ಸಾಹೇಬರ ಕಿವಿಯಲ್ಲಿ ಮಾತು ಹಾಕಿಟ್ಟಿದ್ದ. ಆ ವಾರದೊಳಗೆ ಉತ್ತರ ಹೇಳಬೇಕಿತ್ತು. ನನಗೋ ಮಿರಜಿನ ಸಿಎ ಒಬ್ಬರ ಕೈಕೆಳಗೆ ಸೇರಿ ಪರೀಕ್ಷೆಗೆ ಕೂರುವ ಆಸೆ. ಅದರಲ್ಲಿ ನಪಾಸಾಗುತ್ತಲೇ ಜನರ ತಲೆ ನರೆಯುತ್ತದೆಂದು ಕೇಳಿದ್ದರಿಂದ ಭಯವೂ ಆಸೆಯಷ್ಟೇ ಇತ್ತು.

ವಿಷಯ ಮಂಡಿಸಲು ಅವ್ವ ಕಾಗವಾಡದಿಂದ ತನ್ನ ಅಣ್ಣನನ್ನು ಕರೆಸಿದಳು. ಮಾಮಾ ಮರಾಠಿ ಶಾಲೆಯ ಮಾಸ್ತರರು. ಸಂಗತಿ ಗಂಭೀರವಾದಷ್ಟೂ ಅವರ ಕನ್ನಡ ಮರಾಠಿಗೆ ಹೊರಳುತ್ತಿತ್ತು.

"ದಾಜಿ," ಎಂದರು ತಂಗಿಯ ಗಂಡನಿಗೆ, "ಸಿಎ ಅಂದ್ರ ಸಣ್ಣ ಮನಶ್ಯಾ ಅಲ್ರಿ. ಎಂಥಾ ಫ್ಯಾಕ್ಟರೀದ ತಾಳೇಬಂದ ಇದ್ರೂ ಅವನ ಸಹಿ ಇಲ್ಲದ ಆಗೂದಿಲ್ಲ."

ಭಜಿ ಅಪ್ಪನ ಕೈಯಲ್ಲೇ ನಿಂತಿತು. "ಅಂದ್ರ ನಮ್ಮ ಫ್ಯಾಕ್ಟರಿದೂ ಇಂವಾ ಮಾಡಾಂವೇನು?"

"ದೇವ್ರ ಮನಸ್ ಮಾಡಿದ್ರ ಯಾಕ ಮಾಡಬಾರ್ದ್ರಿ?" ಎಂದರು ಮಾಮಾ, ಹೆಮ್ಮೆಯಿಂದ.

ಅಪ್ಪ ಎದ್ದು ಹೋದ. ಮುಂದೆ ಎರಡು ದಿನ ನನ್ನೊಡನೆ ಮಾತಿಲ್ಲ. ಕೊನೆಗೆ ಅವ್ವ ಕೆದಕಿದಾಗ ತೀರ್ಪು ಹೊರಬಿತ್ತು: "ಅನ್ನಾ ಹಾಕಿದ ಫ್ಯಾಕ್ಟರಿಗೆ ಕೀಲಿ ಜಡಿಯೂ ವಿದ್ಯಾ ನಮ್ಮ ಮನ್ಯಾಗ ಬ್ಯಾಡ."

ಆಗ ತಿಳಿಯಿತು. ಮಾಮಾ ಹೇಳಿದ್ದು ತಾಳೇಬಂದ. ವರ್ಷದ ಲೆಕ್ಕವನ್ನು ತಾಳೆ ಹಾಕಿ ತೋರಿಸುವ ಬ್ಯಾಲೆನ್ಸ್ ಶೀಟಿಗೆ ಮರಾಠಿಯ ಹೆಸರು. ಕಬ್ಬಿನ ಗಾಣದ ಗದ್ದಲದಲ್ಲಿ ಅರ್ಧ ಕಿವಿ ಕಳೆದುಕೊಂಡಿದ್ದ ಅಪ್ಪ ಕೇಳಿಸಿಕೊಂಡದ್ದು ಟಾಳೇಬಂದ, ಬಾಗಿಲಿಗೆ ಬೀಗ. ಒಂದು ತ, ಒಂದು ಟ, ನಡುವೆ ನನ್ನ ಭವಿಷ್ಯ.

ನಾನು ಅವನ ಒಳ್ಳೆಯ ಕಿವಿಯ ಹತ್ತಿರ ಕೂತು ಕೂಗಿ ಹೇಳಿದೆ: "ಕೀಲಿ ಹಾಕೂದಲ್ಲಪಾ. ಲೆಕ್ಕಾ ತಾಳಿ ನೋಡೂದು. ಫ್ಯಾಕ್ಟರಿ ಸೊರಗಾಕತ್ತಿದ್ರ ಅದರಾಗ ಮೊದ್ಲ ಕಾಣತೈತಿ."

ಅಪ್ಪ ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

"ನಪಾಸಾದ್ರ?"

"ಮತ್ತ ಕೂಡತೇನಿ."

"ಮತ್ತೂ ಆದ್ರ?"

"ಮತ್ತ ಕೂಡತೇನಿ."

ಅಲ್ಲಿಯವರೆಗೆ ನಾನು ಏನನ್ನೂ ನಿರ್ಧರಿಸಿರಲಿಲ್ಲ. ಎರಡನೆಯ ಸಲ ಅದೇ ಮಾತು ಬಾಯಿಂದ ಬಿದ್ದಾಗ, ನಿರ್ಧಾರ ಆಗಿಹೋಗಿದೆ ಎಂದು ಎಲ್ಲರಿಗಿಂತ ಕೊನೆಗೆ ನನಗೆ ಗೊತ್ತಾಯಿತು.

"ಗಾಣದಾಗ ಕಬ್ಬ ಸಿಕ್ಕೊಂಡ್ರ ನಾವೇನ್ ಮನೀಗೆ ಬರ್ತೇವೇನು," ಎಂದ ಅಪ್ಪ. "ತಗದ ಮತ್ತ ಚಾಲೂ ಮಾಡ್ತೇವಿ. ಹೋಗು."

ಮರುದಿನ ಕಾರಕೂನಿಕೆ ಬೇಡವೆನ್ನಲು ತಾನೇ ಸಾಹೇಬರ ಬಳಿ ಹೋಗಿಬಂದ. ಏನು ಹೇಳಿದೆ ಎಂದು ಅವ್ವ ಕೇಳಿದಳು.

"ಖರೇ ಇದ್ದದ್ದ ಹೇಳಿದೆ," ಎಂದ ಅಪ್ಪ ಚಪ್ಪಲಿ ಕಳಚುತ್ತ. "ಮಗಾ ಫ್ಯಾಕ್ಟರಿ ಟಾಳೇಬಂದ ಮಾಡೂದ ಕಲ್ಯಾಕ ಮಿರಜಿಗೆ ಹೊಂಟಾನ್ರಿ ಅಂದೆ."

ಸಾಹೇಬರು ಅದನ್ನು ಹೇಗೆ ಅರಗಿಸಿಕೊಂಡರೋ ತಿಳಿಯದು. ನಾನು ಮಾತ್ರ ಸೋಮವಾರ ಬೆಳಗಿನ ಪ್ಯಾಸೆಂಜರ್ ಹಿಡಿದೆ.