ಅಕ್ಕನ ಮಾತು, ಡೇಗೆಯ ಮರಿ

ಹಸಿವೆಯ ವಿಷಯದಲ್ಲಿ ನಾನು ದೊಡ್ಡ ಮನುಷ್ಯನಲ್ಲ. ಅದರಲ್ಲೂ ಅಪ್ಪನ ಶ್ರಾದ್ಧದ ದಿನ ಒಳಗೆ ವಡೆ, ಪಾಯಸ ಘಮಘಮಿಸುತ್ತಿರುವಾಗ ಕಾಗೆಯ ದಾರಿ ಕಾಯುವುದೆಂದರೆ ನನಗೆ ಕಠಿಣ ತಪಸ್ಸು. ಮಾಳಿಗೆಯ ಮೇಲಿಟ್ಟ ಎಲೆಯನ್ನು ಕಾಗೆ ಮುಟ್ಟದೆ ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಕೂಡುವಂತಿಲ್ಲ.

ಈ ಸಲ ಕಾಗೆ ಬರಲಿಲ್ಲ. ಕಾರಣ ಕಣ್ಣೆದುರಿಗೇ ಇತ್ತು. ಸವಣೂರಿನ ನಮ್ಮ ಮನೆಯ ಹಿಂದಿನ ನೀರಿನ ಟಾಕಿಯ ಅಂಚಿನಲ್ಲಿ ಡೇಗೆಯ ಜೋಡಿಯೊಂದು ಸಂಸಾರ ಹೂಡಿತ್ತು. ಗಾಳಿಯಲ್ಲೇ ಪಾರಿವಾಳದ ಮೇಲೆ ಎರಗಿ ಹಿಡಿಯುವ ಹಕ್ಕಿ. ಅದರ ನೆರೆಯಲ್ಲಿ ಯಾವ ಕಾಗೆ ಊಟಕ್ಕೆ ಬಂದೀತು? ಮೂರು ಮರಿಗಳಿದ್ದವು. ಬಿಳಿ ನವಿರು ಉದುರಿ ಕಂದು ಗರಿ ಮೂಡುತ್ತಿತ್ತು, ಹಾರಲು ಇನ್ನೂ ಬಾರದು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನ್ನ ಅಕ್ಕ ದಿನಾ ಬೆಳಿಗ್ಗೆ ಅತ್ತ ನೋಡಿ ಕೈಮುಗಿದು ಗಲ್ಲ ಬಡಿದುಕೊಳ್ಳುತ್ತಿದ್ದಳು. ಅದು ಗರುಡ ಅಲ್ಲ, ಗರುಡನಿಗೆ ತಲೆ ಬಿಳಿ, ಮೈ ಕಂದು ಎಂದು ನಾನು ಪಾಂಡಿತ್ಯ ತೋರಿಸಿದರೆ, "ದೇವರ ವಾಹನಕ್ಕ ಲೈಸೆನ್ಸ್ ಕೇಳ್ತೀಯೇನೋ?" ಎಂದು ಬಾಯಿ ಮುಚ್ಚಿಸಿದ್ದಳು.

ಅಂಥ ಅಕ್ಕನೂ ಅವತ್ತು ಸೋತಳು. ಬಿಸಿಲು ಇಳಿಯಿತು, ಅನ್ನ ಆರಿತು, ಆಚಾರ್ಯರು ಅರ್ಥಪೂರ್ಣವಾಗಿ ಕೆಮ್ಮಿದರು. ಅಕ್ಕ ಟಾಕಿಯತ್ತ ತಿರುಗಿ, "ಇದರ ಸಂಸಾರ ಹಾಳಾಗ್ಲಿ, ನಮ್ಮಪ್ಪ ಉಪವಾಸ ಕೂತಾನ!" ಎಂದುಬಿಟ್ಟಳು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಥಾಸ್ತು ಎಂದಿತು. ಕೊನೆಗೆ ಆ ಎಲೆಯನ್ನು ಆಕಳಿಗೆ ಕೊಟ್ಟು ಉಂಡೆವು.

ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು. ರಕ್ತವಿಲ್ಲ, ಪುಕ್ಕವಿಲ್ಲ. ತಾಯಿ ಹಕ್ಕಿ ಕೂಗುತ್ತ ಟಾಕಿಯನ್ನು ಸುತ್ತುತ್ತಿತ್ತು. ಹತ್ತಿಮತ್ತೂರಿನಿಂದ ಹಾಲು ತರುವ ಫಕೀರಪ್ಪ, "ಮಂಗ್ಯಾ ಒಯ್ದಿರಬೇಕ್ರಿ, ಓಣ್ಯಾಗ ಭಾಳ ಅಡ್ಡಾಡಾಕತ್ತಾವು" ಎಂದ. ಎದುರುಮನೆಯವರು ತಪ್ಪನ್ನು ಗೂಬೆಯ ಮೇಲೆ ಹಾಕಿದರು. ನಾನೂ ಹಕ್ಕಿಗಳ ಪುಸ್ತಕ ತೆಗೆದು ಕೂತೆ. ಮರಿ ಕಾಣೆಯಾಗಲು ಅದರಲ್ಲಿ ಎಷ್ಟು ಕಾರಣಗಳಿದ್ದವೆಂದರೆ, ಒಂದಾದರೂ ಬೆಳೆದು ದೊಡ್ಡದಾಗುವುದೇ ಆಶ್ಚರ್ಯ ಎನಿಸಿತು.

ಅಕ್ಕನಿಗೆ ಮಾತ್ರ ಸಂಶಯವೇ ಇರಲಿಲ್ಲ. "ಶ್ರಾದ್ಧದ ದಿನ ಆಡಿದ ಮಾತು ತಾಕಿತು" ಎಂದಳು. ಪುರಾಣದ ಋಷಿಗಳು ಶಾಪ ಕೊಟ್ಟ ಮೇಲೆ ವಿಮೋಚನೆಯ ದಾರಿಯನ್ನೂ ಹೇಳುತ್ತಾರೆ. ಅಕ್ಕನಿಗೆ ಆ ಅಭ್ಯಾಸವಿಲ್ಲ. ಮಾಳಿಗೆ ಹತ್ತುವುದನ್ನೇ ಬಿಟ್ಟಳು. ಕಾಗೆಗಳು ಈಗ ನಾಚಿಕೆಯಿಲ್ಲದೆ ಬರುತ್ತಿದ್ದವು, ಅವುಗಳ ದನಿ ಕೇಳಿದರೇ ಅವಳ ಕಣ್ಣು ತುಂಬುತ್ತಿತ್ತು.

"ನಾ ಹುಟ್ಟಿದಾಗಿಂದ ನಸುಕಿನ್ಯಾಗ ಏಳು ಅಂತೀ, ನಾನ ಕೇಳಿಲ್ಲ. ಹಕ್ಕಿ ನಿನ್ನ ಮಾತು ಕೇಳ್ತದೇನು?" ಎಂದು ನಗಿಸಲು ನೋಡಿದೆ. ನಗಲಿಲ್ಲ. ನನ್ನನ್ನು ಎಬ್ಬಿಸುವುದನ್ನೂ ಬಿಟ್ಟಳು. ಜೀವಮಾನವಿಡೀ ಬೇಡಿಕೊಂಡ ಸುಖ ಅದು. ಸಿಕ್ಕಾಗ ನಿದ್ದೆಯೇ ಬರಲಿಲ್ಲ. ಅಕ್ಕ ಹೀಗೇ ಉಳಿದುಬಿಟ್ಟರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಮಾಳಿಗೆಯಿಂದಲೇ ಅಕ್ಕನ ಕೂಗು ಬಂತು: "ಏಳೋ! ಲಗೂನ ಬಾ ಮ್ಯಾಲ!" ಓಡಿದೆ. ಟಾಕಿಯ ಮೇಲೆ ತಾಯಿ ಡೇಗೆಯ ಬೆನ್ನ ಹಿಂದೆಯೇ ಇನ್ನೊಂದು ಹಾರುತ್ತಿತ್ತು. ಎದೆಯ ಮೇಲೆ ಕಂದು ಗೀರು, ತಲೆಯಲ್ಲಿ ಇನ್ನೂ ಎರಡೆಳೆ ಬಿಳಿ ನವಿರು. ಅಂಚಿನಲ್ಲಿ ಇಳಿಯಲು ಹೋಗಿ ಗುರಿ ತಪ್ಪಿ ಪೈಪಿನ ಮೇಲೆ ಕೂತಿತು. ನಮ್ಮದೇ ಮರಿ!

ಉಳಿದೆರಡಕ್ಕಾಗಿ ಸಂಜೆಯವರೆಗೂ ಕಾದೆವು. ಬರಲಿಲ್ಲ. ಅವು ಏನಾದವು, ಇದೊಂದು ಇಷ್ಟು ದಿನ ಎಲ್ಲಿತ್ತು, ಇಂದಿಗೂ ಗೊತ್ತಿಲ್ಲ. ಆದರೂ ಅಕ್ಕ ಗಲ್ಲ ಬಡಿದುಕೊಂಡು, "ಖರೇ ನೋಡು, ನನ್ನ ಮಾತು ನೀನ ಕೇಳೂದಿಲ್ಲ, ಹಕ್ಕಿ ಯಾಕ ಕೇಳ್ತದ?" ಎಂದು ನಕ್ಕಾಗ ನನ್ನ ಎದೆ ಹಗುರಾಯಿತು.

ಮರುದಿನ ನಸುಕಿನಲ್ಲಿ ಅಕ್ಕ ಮತ್ತೆ ಎಬ್ಬಿಸಲು ಬಂದಳು. ನನಗೆ ಆಗಲೇ ಎಚ್ಚರವಾಗಿತ್ತು. ಆದರೂ ಮುಸುಕೆಳೆದುಕೊಂಡು ಮಲಗಿದೆ. ಅವಳ ಮಾತು ಯಾರಿಗೂ ತಾಕುವುದಿಲ್ಲ ಎಂದು ಇನ್ನು ಮೇಲೆ ದಿನಾ ಸಾಬೀತು ಮಾಡಬೇಕಾದವನು ನಾನೇ ಅಲ್ಲವೇ?