ಹುರುಳಿ ಇಲ್ಲದ ರಸ್ತೆ

ಕಳೆದ ವಾರ ನಮ್ಮ ಮನೆಗೊಂದು ದೊಡ್ಡ ಪೆಟ್ಟಿಗೆ ಬಂತು. ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಒಳಗಿದ್ದದ್ದು ಒಂದು ಸ್ಟಿಯರಿಂಗ್, ಮೂರು ಪೆಡಲ್. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವುದಕ್ಕೆ ನಾನೇ ತರಿಸಿಕೊಂಡದ್ದು. ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಹೆಂಡತಿ, "ಜನ ಈ ವಯಸ್ಸಿಗೆ ಕಾರು ತಗೋತಾರೆ, ನೀವು ಬರೀ ಸ್ಟಿಯರಿಂಗ್ ತಗೊಂಡ್ರಾ?" ಎಂದಳು. ಅಷ್ಟರಲ್ಲಾಗಲೇ ನಾನು ಮೇಜಿನ ಕೆಳಗೆ ತೂರಿಕೊಂಡು ವೈರು ಜೋಡಿಸುತ್ತಿದ್ದೆ.

ಆಟ ಶುರುವಾಯಿತು ನೋಡಿ! ಗಾಜಿನ ಮೇಲೆ ಮಳೆಹನಿ ಬಿದ್ದು ಓರೆಯಾಗಿ ಜಾರುತ್ತದೆ. ಮುಂದಿನ ಕಾರು ಎರಚಿದ ನೀರಿನಲ್ಲಿ ರಸ್ತೆ ಕಾಣದೆ ಹೋಗುತ್ತದೆ. ಚಕ್ರ ಅಂಚಿನ ಕಲ್ಲಿಗೆ ತಾಗಿದರೆ ಅಂಗೈ ಜುಮ್ಮೆನ್ನುತ್ತದೆ. ಇದಕ್ಕಿಂತ ನಿಜವಾದ ಆಟ ಇನ್ನೇನು ಇರಲು ಸಾಧ್ಯ ಎಂದುಕೊಂಡೆ. ಹಾಗೆಂದುಕೊಂಡ ಮರುಕ್ಷಣವೇ ಕೆಂಪರಾಜು ಮಾವ ನೆನಪಾದರು. ಯಾಕೆಂದರೆ ಇಂಥದೇ ಮಾತನ್ನು ಇಪ್ಪತ್ತು ವರ್ಷದ ಹಿಂದೆ ನಾನು ಅವರ ಮುಂದೆ ಜಂಬದಿಂದ ಹೇಳಿ, ಚೆನ್ನಾಗಿ ಅನ್ನಿಸಿಕೊಂಡಿದ್ದೆ.

ಆಗ ನಾನು ಕನಕಪುರದ ಖಾಸಗಿ ಬಸ್ ನಿಲ್ದಾಣದ ಎದುರಿಗೆ ಒಂದು ಗೇಮ್ ಸೆಂಟರ್ ಇಟ್ಟಿದ್ದೆ. ಸೆಂಟರ್ ಎಂದರೆ ನಾಲ್ಕು ಕಂಪ್ಯೂಟರು, ಐದು ಸ್ಟೂಲು, ತಿರುಗುವುದಕ್ಕಿಂತ ಸದ್ದು ಮಾಡುವುದೇ ಹೆಚ್ಚಾಗಿದ್ದ ಒಂದು ಫ್ಯಾನು. ಆದರೆ ನಾಲ್ಕನೆಯ ಕಂಪ್ಯೂಟರಿಗೆ ಸ್ಟಿಯರಿಂಗ್ ಇತ್ತು! ಇಡೀ ತಾಲ್ಲೂಕಿಗೆ ಅದೊಂದೇ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಯಾರೂ ಹೋಗಿ ಎಣಿಸಿ ಬಂದಿರಲಿಲ್ಲವಾದ್ದರಿಂದ ಆ ಮಾತು ನಡೆಯುತ್ತಿತ್ತು. ಬಿಡದಿಯ ಕಡೆ ಹೊಸ ಹೊಸ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಮೊದಲ ಶಿಫ್ಟು ಮುಗಿಸಿದ ಹುಡುಗರು ಯೂನಿಫಾರ್ಮಿನಲ್ಲೇ ನೇರ ನನ್ನಲ್ಲಿಗೆ ಬರುತ್ತಿದ್ದರು. ಹಗಲೆಲ್ಲ ನಿಜವಾದ ಕಾರುಗಳಿಗೆ ಬಾಗಿಲು ಕೂರಿಸಿ, ಸಂಜೆ ನನ್ನ ಅಂಗಡಿಗೆ ಬಂದು ಸುಳ್ಳು ಕಾರುಗಳ ಬಾಗಿಲು ಜಜ್ಜುವುದರಲ್ಲಿ ಅವರಿಗೆ ಸಿಗುತ್ತಿದ್ದ ಸುಖ ನನಗಂತೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಕೆಂಪರಾಜು ಮಾವ ಎಂದರೆ ನಮ್ಮವ್ವನ ತಮ್ಮ, ಉಯ್ಯಂಬಳ್ಳಿಯವರು. ಕನಕಪುರದಿಂದ ಕಬ್ಬಾಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರಾಗಿದ್ದರು. ಆದರೆ ನಾನು ಹೇಳುತ್ತಿರುವ ಹೊತ್ತಿಗೆ ಅವರು ಸ್ಟಿಯರಿಂಗ್ ಮುಟ್ಟಿ ಎರಡು ವರ್ಷವಾಗಿತ್ತು. ಬಸ್ಸುಗಳು ಹೊರಡುವ ಟೈಮು ಬರೆದುಕೊಳ್ಳುತ್ತ ನಿಲ್ದಾಣದಲ್ಲಿ ಕೂತಿರುತ್ತಿದ್ದರು. ಯಾರಾದರೂ ಒಸಿ ಬಸ್ಸು ಹಿಂದಕ್ಕೆ ತೆಗೆದುಕೊಡಿ ಎಂದರೂ "ಕೈ ನಡುಗ್ತದೆ ಕಣಪ್ಪ" ಎಂದು ತಲೆ ಬಗ್ಗಿಸುತ್ತಿದ್ದರು.

ಆದದ್ದಿಷ್ಟು. ನಮ್ಮ ಕಡೆ ಹುರುಳಿ (ನಮ್ಮವರ ಬಾಯಲ್ಲಿ ಉಳ್ಳಿ) ಕಿತ್ತ ಮೇಲೆ ಗಿಡಗಳನ್ನು ಟಾರು ರಸ್ತೆಗೆ ಹರವುವುದು ನಿಮಗೂ ಗೊತ್ತಿದ್ದೀತು. ಹೋಗಿಬರುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ, ಕಣದ ಕೆಲಸ ತಪ್ಪುತ್ತದೆ. ಸರ್ಕಾರಕ್ಕೆ ಇಷ್ಟವಿಲ್ಲ, ಡ್ರೈವರುಗಳಿಗೂ ಇಷ್ಟವಿಲ್ಲ, ಆದರೂ ನಡೆಯುತ್ತದೆ. ನೇರ ರಸ್ತೆಯಲ್ಲಿ ಹರವಬೇಕು, ಡ್ರೈವರು ಅದರ ಮೇಲೆ ಬ್ರೇಕ್ ಹಿಡಿಯಬಾರದು, ಇವೆರಡೇ ಅದರ ಕಾನೂನು. ಆ ವರ್ಷ ನಮ್ಮ ಹುರುಳಿ, ಕಬ್ಬಾಳಿನ ದಾರಿಯಲ್ಲಿರುವ ನಮ್ಮೂರ ಮುಂದಿನ ತಿರುವಿನಲ್ಲಿ ಬಿದ್ದಿತ್ತು. ಇಳಿಜಾರಿನಲ್ಲಿ ಬಂದ ಮಾವ ಬೆಚ್ಚಿ ಬ್ರೇಕ್ ಹಿಡಿದರು. ಬಸ್ಸು ಜಾರಿ ಪಕ್ಕದ ಹೊಲಕ್ಕೆ ವಾಲಿಕೊಂಡಿತು. ದೇವರು ದೊಡ್ಡವನು, ಜನಕ್ಕೆ ತರಚಿದ್ದಷ್ಟೇ. ಮಾವನ ಹೆಗಲ ಮೂಳೆ ಮುರಿಯಿತು.

"ತಿರುವಲ್ಲಿ ಉಳ್ಳಿ ಹರವೋರುಂಟಾ?" ಎಂದರು ಮಾವ, ಆಸ್ಪತ್ರೆಯಲ್ಲಿ ಮಲಗಿಕೊಂಡೇ. "ಹರವಿದ್ದು ನಾನೇ, ಏನೀಗ? ಉಳ್ಳಿ ಮೇಲೆ ಬ್ರೇಕ್ ಹಿಡಿಯೋರುಂಟಾ?" ಎಂದರು ನಮ್ಮಪ್ಪ, ನಿಂತುಕೊಂಡು. ಅಷ್ಟೇ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಎರಡು ಗೌರಿ ಹಬ್ಬ ಕಳೆದವು, ಅವ್ವನಿಗೆ ತವರಿನ ಬಾಗಿನ ಬರಲಿಲ್ಲ. ಹಬ್ಬದ ದಿನ ಅವ್ವ ಬಸ್ಸಿನ ಸದ್ದಾದಾಗಲೆಲ್ಲ ಜಗುಲಿಗೆ ಬಂದು ನೋಡಿ ಒಳಗೆ ಹೋಗುತ್ತಿದ್ದಳು. ನೋಡಿದವರು ಕೇಳಿದರೆ ಕೋಳಿ ಓಡಿಸೋಕೆ ಬಂದೆ ಎನ್ನುತ್ತಿದ್ದಳು.

ಈಗ ನಿಮಗೊಂದು ವಿಷಯ ಹೇಳಿಬಿಡಬೇಕು. ಆ ಹುರುಳಿಯನ್ನು ತಿರುವಿನಲ್ಲಿ ಹರವಿದ್ದು ಅಪ್ಪನಲ್ಲ, ನಾನು. ಕಾಲುವೆ ಪಕ್ಕದ ನೇರ ರಸ್ತೆಗೆ ಹೊತ್ತು ಹಾಕು ಎಂದು ಅಪ್ಪ ಹೇಳಿದ್ದರು. ಅವತ್ತೇ ನನ್ನ ಅಂಗಡಿಗೆ ಸ್ಟಿಯರಿಂಗ್ ಬರುವುದಿತ್ತು. ಅಷ್ಟು ದೂರ ಯಾರು ಹೊರುತ್ತಾರೆ ಎಂದು ಹತ್ತಿರದ ತಿರುವಿನಲ್ಲೇ ಕೆಡವಿ, ಕಾಲಲ್ಲಿ ಒದ್ದು ಹರಡಿ, ಕನಕಪುರಕ್ಕೆ ಓಡಿದ್ದೆ. ಅಪ್ಪ ಅದನ್ನು ತಮ್ಮ ಮೇಲೆ ಹಾಕಿಕೊಂಡರು. ನಾನು ಬಾಯಿ ಬಿಡಲಿಲ್ಲ. ಎರಡು ವರ್ಷ ಬಿಡಲಿಲ್ಲ.

ಆದರೆ ಮಾವನಿಗೆ ಅಕ್ಕನ ಮಗನ ಮೇಲೆ ಕೋಪವಿರಲಿಲ್ಲ. ಒಂದು ಮಧ್ಯಾಹ್ನ ರಸ್ತೆ ದಾಟಿ ಬಂದು ಸ್ಟಿಯರಿಂಗನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಕೂತ್ಕೋ ಮಾವ, ಇದು ನಿಜವಾದ ರಸ್ತೆ ಇದ್ದಂಗೇ ಐತೆ" ಎಂದೆ. ಕೂತರು. ಸಿಗ್ನಲ್ ಹಸಿರಾಯಿತು, ಉಳಿದ ಕಾರುಗಳೆಲ್ಲ ಕಿರುಚಿಕೊಂಡು ಹೋದವು, ಮಾವ ಮಾತ್ರ ಅಲ್ಲೇ ಇದ್ದಾರೆ. "ಹೊರಡು ಮಾವ!" ಎಂದರೆ, "ರೈಟ್ ಅನ್ನೋರ್ ಯಾರ್ಲಾ?" ಎಂದರು. ಕಂಡಕ್ಟರ್ ರೈಟ್ ಹೇಳದೆ ಗಾಡಿ ಎತ್ತುವ ಅಭ್ಯಾಸವೇ ಅವರಿಗಿರಲಿಲ್ಲ. ನಾನು ನಾಚಿಕೆ ಬಿಟ್ಟು "ರೈಟ್ ರೈಟ್!" ಎಂದು ಕೂಗಿದೆ. ಕಾರು ಹೊರಟಿತು.

ಅವರ ಕೈ ನಡುಗಲಿಲ್ಲ! ನಾನು ಕಣ್ಣಾರೆ ನೋಡಿದೆ.

ಆಮೇಲೆ ದಿನಾ ಬರತೊಡಗಿದರು. ಅವರು ಆಡುವುದನ್ನು ನೋಡಲು ಶಿಫ್ಟಿನ ಹುಡುಗರು ಸ್ಟೂಲಿನ ಮೇಲೆ ಹತ್ತಿ ನಿಲ್ಲುತ್ತಿದ್ದರು. ಸಿಗ್ನಲ್ ಹಸಿರಾದರೆ ಇಡೀ ಅಂಗಡಿ "ರೈಟ್ ರೈಟ್!", ಆಟ ಮುಗಿದರೆ "ಹೋಲ್ಡಾನ್!" ಎಂದು ಮೊಳಗುತ್ತಿತ್ತು. ಮಾವ ಯಾವಾಗಲೂ ಕೊನೆಗೇ ಬರುತ್ತಿದ್ದರು, ಆದರೆ ಕಾರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ತಿರುವಿನಲ್ಲಿ ಓವರ್‌ಟೇಕ್ ಮಾಡು ಎಂದರೆ "ಮುಂದ್ಗಡೆ ಏನೈತೋ ಏನೋ" ಎನ್ನುತ್ತಿದ್ದರು. ಆಟದ ನಿಜತನದ ಬಗ್ಗೆ ನನ್ನ ಜಂಬವನ್ನಂತೂ ಅವರು ಪೂರ್ತಿ ಇಳಿಸಿದರು. "ಇದೆಂಥ ರಸ್ತೆಲಾ? ಒಂದ್ ಎಮ್ಮೆ ಇಲ್ಲ, ಹಂಪ್ ಇಲ್ಲ, ಕೈ ಅಡ್ಡ ಹಾಕೋರಿಲ್ಲ. ಉಳ್ಳಿ ಹರವಿಲ್ಲ, ರಾಗಿ ಹರವಿಲ್ಲ. ಅಷ್ಟ್ ಜನ ರಸ್ತೆ ಸುತ್ತ ಕೂತವ್ರೆ, ಒಬ್ರೂ ಬಸ್ಸು ಹತ್ತಾಕಿಲ್ಲ." ಹುರುಳಿ ಎಂದಾಗ ನಾನು ಫ್ಯಾನಿನ ಕಡೆ ನೋಡುತ್ತಿದ್ದೆ.

ಹುಡುಗರಿಗೆ ವಾರಕ್ಕೊಂದು ಹೊಸ ರಸ್ತೆ, ಹೊಸ ಕಾರು ಬೇಕು. ಇಲ್ಲದಿದ್ದರೆ ಬೇಸರ. ಮಾವನಿಗೆ ಒಂದೇ ರಸ್ತೆ ಸಾಕು. ಬೇರೆ ಹಾಕಲೇ ಎಂದರೆ "ರೂಟು ಕಲಿಯಾಕೇ ವರ್ಸ ಬೇಕು" ಎಂದು ಗದರುತ್ತಿದ್ದರು. ಅದರಲ್ಲೂ ಇಳಿಜಾರಿನ ಕೊನೆಗೆ ಎಡಕ್ಕೆ ಹೊರಳುವ ಒಂದು ತಿರುವಿತ್ತು. ಅಲ್ಲಿಗೆ ಬಂದಾಗ ಮಾವ ಉಸಿರು ಬಿಗಿಹಿಡಿಯುತ್ತಿದ್ದರು. ಅದನ್ನು ದಾಟಿದರೆ ಮುಖ ಅರಳುತ್ತಿತ್ತು, ಮತ್ತೆ ಮೊದಲಿಂದ ಶುರು ಮಾಡು ಎನ್ನುತ್ತಿದ್ದರು. ಒಂದು ಆಟವನ್ನು ಜನ ಮತ್ತೆ ಮತ್ತೆ ಯಾಕೆ ಆಡುತ್ತಾರೆ ಎಂದು ಈಗ ದೊಡ್ಡ ದೊಡ್ಡ ಚರ್ಚೆಗಳು ನಡೆಯುತ್ತವೆ. ನನಗೆ ಆ ಪಾಠವಾದದ್ದು ಅಲ್ಲೇ. ನಮ್ಮೂರ ಮುಂದಿನ ತಿರುವು ಆ ಮನುಷ್ಯನಿಗೆ ಇನ್ನೊಂದು ಸಲ ಸಿಗಬೇಕಾಗಿತ್ತು.

ಆಗ ನನ್ನ ತಲೆಗೊಂದು ಯೋಚನೆ ಬಂತು. ಒಳ್ಳೆಯದೋ ಕೆಟ್ಟದ್ದೋ ನೀವೇ ಹೇಳಿ. ಆ ಆಟದಲ್ಲಿ ಮುಗಿದ ರೇಸನ್ನು ಸಿನಿಮಾದಂತೆ ಹೊರಗಿನಿಂದ ಮತ್ತೆ ತೋರಿಸುವ ಒಂದು ಗುಂಡಿಯಿತ್ತು. ರಿಪ್ಲೇ. ಮಾವ ಜಾರಿದರೆ, ಬ್ರೇಕ್ ಹಿಡಿದದ್ದೇ ತಪ್ಪೆಂದು ಅವರ ಕಣ್ಣಿಗೇ ತೋರಿಸಬಹುದು. ತಪ್ಪು ಅವರದೇ ಎಂದಾದರೆ ಅಪ್ಪನ ಮೇಲಿನ ಕೋಪ ಹೋಗುತ್ತದೆ, ಅವ್ವನಿಗೆ ತವರು ಸಿಗುತ್ತದೆ, ಮತ್ತು ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ. ಮರುದಿನ ಮಾವ ಬರುವ ಮುಂಚೆ ರಸ್ತೆಗೆ ಮಳೆ ಹಾಕಿದೆ. ಅಷ್ಟೇ ಅಲ್ಲ, ಒಣ ರಸ್ತೆಗೆ ಹಾಕುವ ನುಣ್ಣನೆಯ ಟೈರುಗಳನ್ನು ಕಾರಿಗೆ ಏರಿಸಿದೆ. ಆ ಟೈರಿನಲ್ಲಿ ಬ್ರೇಕ್ ಹಿಡಿದರೂ ಜಾರುತ್ತದೆ, ಹಿಡಿಯದಿದ್ದರೂ ಜಾರುತ್ತದೆ.

ಜಾರಿತು. ಆ ತಿರುವಿನಲ್ಲೇ. ಹುಡುಗರೆಲ್ಲ ಹೋ ಎಂದರು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಕಾರು ಇಳಿಜಾರಿನಲ್ಲಿ ಬಂತು, ಹಿಂದಿನ ಬ್ರೇಕ್ ದೀಪ ಕೆಂಪಗೆ ಹೊತ್ತಿತು, ಹಿಂಬದಿ ಮೆಲ್ಲಗೆ ಹೊರಳಿ ಗೋಡೆಗೆ ಹೋಗಿ ಕೂತಿತು. ಮಾವ ಪರದೆಯ ಹತ್ತಿರಕ್ಕೆ ಬಾಗಿದರು. "ಇನ್ನೊಂದ್ ಸಲ ಹಾಕು" ಎಂದರು. ಹಾಕಿದೆ. "ಇನ್ನೊಂದ್ ಸಲ." ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಆಮೇಲೆ ಎದ್ದು ಪಂಚೆ ಕೊಡವಿಕೊಂಡು, "ಬ್ರೇಕ್ ಹಿಡ್ದೋನು ನಾನೇ ಅಲ್ವೇನ್ಲಾ? ನಡಿ, ನಿಮ್ಮನೆಗೆ ಹೋಗವ" ಎಂದರು. ನಾನು ಷಟರ್ ಎಳೆದದ್ದೇ ತಿಳಿಯಲಿಲ್ಲ, ಅಷ್ಟು ಖುಷಿ ನನಗೆ!

ಮಾವ ನಮ್ಮ ಜಗುಲಿ ಹತ್ತಿದಾಗ ಅವ್ವ ಕೈಲಿದ್ದ ಮೊರವನ್ನು ಕೆಳಗಿಡುವುದನ್ನೇ ಮರೆತಳು. ಅಪ್ಪ ಎದ್ದು ನಿಂತರು.

"ಭಾವ, ತಪ್ಪು ನಂದೇ. ಉಳ್ಳಿ ಮೇಲೆ ಬ್ರೇಕ್ ಹಿಡಿಬಾರ್ದಿತ್ತು. ಇವತ್ತು ನೋಡ್ದೆ" ಎಂದರು ಮಾವ.

"ಏನ್ ನೋಡ್ದೆ?" ಅಪ್ಪನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿದರು. ಬೈಯುವ ನೋಟವಲ್ಲ ಅದು. ನೀನು ಹೇಗೆ ಹೇಳಿದರೆ ಹಾಗೆ ಎಂಬಂತಿತ್ತು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಮಾವ, ತಿರುವಲ್ಲಿ ಹರವಿದ್ದು ಅಪ್ಪ ಅಲ್ಲ. ನಾನು."

ಅವ್ವ ಮೊರದಲ್ಲೇ ನನ್ನ ಬೆನ್ನಿಗೆ ಒಂದು ಬಿಟ್ಟಳು. "ಎರಡ್ ವರ್ಸ ಬಾಯಿಗೇನ್ ತುರುಕ್ಕೊಂಡಿದ್ದೆ?" ಮಾವ ನನ್ನನ್ನು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದರು. "ನೀನ್ಯಾಕ್ ಯೋಳ್ನಿಲ್ಲ ಭಾವ?"

"ಯೋಳಿದ್ರೆ ನೀನು ಇವನ್ ಸಾವಾಸಾನೂ ಬುಟ್ಬುಡ್ತಿದ್ದೆ. ಈ ಮನೇಲಿ ಒಬ್ನಾದ್ರೂ ನಿನ್ ಮುಖ ನೋಡ್ಕೊಂಡಿರ್ಲಿ ಅಂತ" ಎಂದರು ಅಪ್ಪ.

ಮಾವ ಜಗುಲಿಯ ಮೇಲೆ ಕೂತುಬಿಟ್ಟರು. ಅವ್ವ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಹುರುಳಿ ಸಾರನ್ನು ಬಿಟ್ಟು ಬೇರೇನಾದರೂ ಮಾಡಬಹುದಿತ್ತೇನೋ, ಆದರೆ ಮನೆಯಲ್ಲಿ ಇದ್ದದ್ದು ಅದೇ. ಮಾವ ಮೂರು ಸಲ ಸಾರು ಹಾಕಿಸಿಕೊಂಡರು.

ಅದಾದ ವಾರಕ್ಕೆ ಬಸ್ಸಿನ ಮಾಲೀಕರು ಒಪ್ಪಿ, ಖಾಲಿ ಬಸ್ಸೊಂದನ್ನು ಮಾವನ ಕೈಗೆ ಕೊಟ್ಟು ನೋಡಿದರು. ನಾನು ಹಿಂದಿನ ಬಾಗಿಲಲ್ಲಿ ನಿಂತು "ರೈಟ್ ರೈಟ್!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಬಸ್ಸು ಎದ್ದಿತು! ಕಬ್ಬಾಳಿನ ರಸ್ತೆ ಹಿಡಿದು ನಮ್ಮೂರಿಗೆ ಬಂತು, ಇಳಿಜಾರು ಇಳಿಯಿತು, ಆ ತಿರುವನ್ನು ಹೊರಳಿತು. ಮುಂದೆ ಕಾಲುವೆ ಪಕ್ಕದ ನೇರ ರಸ್ತೆಯಲ್ಲಿ ಅಪ್ಪ ಆ ವರ್ಷದ ಹುರುಳಿ ಹರವಿಕೊಂಡು ನಿಂತು, ಬಾ ಬಾ ಎಂದು ಟವೆಲ್ ಬೀಸುತ್ತಿದ್ದರು. ಮಾವ ಬ್ರೇಕಿನ ಕಡೆ ಕಾಲು ಹಾಕಲಿಲ್ಲ. ಕಾಯಿಗಳು ಚಟಚಟ ಸಿಡಿದವು. ನಾನು ಬಾಗಿಲಲ್ಲಿ ಜೋತಾಡುತ್ತ ಹುಚ್ಚನಂತೆ ಕೂಗುತ್ತಿದ್ದೆ. ಆಮೇಲೆ ಮಾವ ಬಿಡದಿಯ ಶಿಫ್ಟ್ ಬಸ್ಸಿಗೆ ಸೇರಿ, ನಿವೃತ್ತಿಯವರೆಗೂ ಅದನ್ನೇ ಓಡಿಸಿದರು.

ಇಷ್ಟನ್ನೂ ಹೊಸ ಸ್ಟಿಯರಿಂಗ್ ಹಿಡಿದುಕೊಂಡು ನೆನೆಯುತ್ತ ಕೂತಿದ್ದಾಗ ನನಗೆ ಹೊಳೆಯಿತು: ಆ ಟೈರಿನ ವಿಷಯವನ್ನು ಮಾತ್ರ ನಾನು ಮಾವನಿಗೆ ಇಂದಿಗೂ ಹೇಳಿಲ್ಲ. ಆಟ ನಿಲ್ಲಿಸಿ ಉಯ್ಯಂಬಳ್ಳಿಗೆ ಫೋನು ಮಾಡಿದೆ. ಕುಶಲ ಕೇಳುವಷ್ಟೂ ತಾಳ್ಮೆಯಿಲ್ಲದೆ ಹೇಳಿಬಿಟ್ಟೆ: ಅವತ್ತು ನೀನು ಜಾರಿದ್ದು ಬ್ರೇಕಿಗಲ್ಲ ಮಾವ, ನಾನು ಬೇಕಂತಲೇ ನುಣ್ಣನೆಯ ಟೈರು ಹಾಕಿದ್ದೆ, ಆ ರಿಪ್ಲೇ ಪೂರಾ ಮೋಸ.

ಆ ಕಡೆಯಿಂದ ಕೆಮ್ಮು ಕೇಳಿತು, ಆಮೇಲೆ ನಗು.

"ಇಪ್ಪತ್ತೆಂಟ್ ವರ್ಸ ಬಸ್ ಓಡ್ಸಿದೀನಿ ಕಣ್ಲಾ. ಗಾಡಿ ಜಾರಿದ್ದು ಬ್ರೇಕ್‌ಗೋ ಟೈರ್‌ಗೋ ಅಂತ ತಿಳಿಯಾಕಿಲ್ವಾ ನಂಗೆ?"

"ಮತ್ತೆ ತಪ್ಪು ನಂದೇ ಅಂತ ಯಾಕ್ ಬಂದೆ ಮಾವ?"

"ಎರಡ್ ವರ್ಸ ಆಗಿತ್ತಲ್ಲೋ ಅಕ್ಕನ್ ಮನೆ ಊಟ ಮಾಡಿ. ಏನಂತ ಬರ್ಲಿ? ನೀನೇ ಒಂದ್ ದಾರಿ ಮಾಡ್ಕೊಟ್ಟೆ, ಬಂದೆ."

ಭಾನುವಾರ ಊಟಕ್ಕೆ ಬಾ ಮಾವ ಎಂದೆ. ಬತ್ತೀನಿ ಎಂದರು.