ಒಂದು ಸಾಲಿನ ಜಾಗ

ಲೋಮ್ ಊರಿನ ಬಾಗಿಲುಗಳಿಗೂ ಮರಗಳಿಗೂ ಅಂಟಿಸುವ ಸಾವಿನ ಸುದ್ದಿಯ ಹಾಳೆಗಳನ್ನು ಇಪ್ಪತ್ತಾರು ವರ್ಷದಿಂದ ಅಚ್ಚು ಹಾಕುತ್ತಿರುವವಳು ನಮ್ಮ ಮೇಲಿನ ಮನೆಯ ತ್ಸೋಂಕ. ಗಿರಾಕಿ ಬರೆದುಕೊಟ್ಟಷ್ಟೇ ಅಚ್ಚಾಗಬೇಕು, ಅದನ್ನು ಹೊರಗೆ ಆಡಬಾರದು ಎಂಬುದು ಅಂಗಡಿಯ ಕಟ್ಟುಪಾಡು. ಅದನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ.

ಮೊನ್ನೆ ಕೆಳಮನೆಯ ಮುದುಕಿ ತೀರಿಕೊಂಡಳು. ಮಗ ಕಮೆನ್ ರಾಜಧಾನಿ ಸೋಫಿಯಾದಿಂದ ಬಂದು ದುಃಖತಪ್ತರ ಪಟ್ಟಿ ಕೊಟ್ಟ. ಅದರಲ್ಲಿ ಅವನು, ಹೆಂಡತಿ, ಮಕ್ಕಳು ಇದ್ದರು. ಹನ್ನೊಂದು ವರ್ಷ ತಾಯಿಯ ಮೈ ತೊಳೆದು ಉಣಿಸಿದ ತಂಗಿ ಯೋವ್ಕಳ ಹೆಸರಿರಲಿಲ್ಲ.

"ಯೋವ್ಕ ಹೆಸರು ಬಿಟ್ಟುಹೋಗಿದೆ ಅನ್ಸುತ್ತೆ," ಎಂದಳು ತ್ಸೋಂಕ.

"ನಾನೇ ಬಿಟ್ಟಿದ್ದು. ಮನೆ ವಿಚಾರಕ್ಕೆ ನನ್ನ ಕೋರ್ಟಿಗೆ ಎಳೆದವಳು ಅವಳು. ನೀವು ಅಚ್ಚು ಹಾಕಿದ್ರೆ ಸಾಕು, ನಮ್ಮನೆ ಪಂಚಾಯ್ತಿ ಬೇಡ."

ತ್ಸೋಂಕ ಹೆಸರುಗಳ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟು ಮಾದರಿ ತೋರಿಸಿದಳು. ಯೋವ್ಕ ಪೆನ್ನಿನಲ್ಲಾದರೂ ಬರೆದುಕೊಳ್ಳಲಿ ಎಂಬ ಆಸೆ.

"ಇದೇನ್ರೀ, ಹಲ್ಲು ಬಿದ್ದ ಬಾಯಿ ಥರ? ಮುಚ್ಚಿ."

ಮುಚ್ಚಿದಳು.

ಸಂಜೆ ಮೆಟ್ಟಿಲ ಮೇಲೆ ಯೋವ್ಕ ಕಾದಿದ್ದಳು. ಕೈಯಲ್ಲಿ ಸಾವಿನ ಮನೆಯಲ್ಲಿ ಹಂಚುವ ಬೇಯಿಸಿದ ಗೋಧಿಯ ಬಟ್ಟಲಿತ್ತು.

"ಅಕ್ಕಾ, ನನ್ನ ಹೆಸರು ಮೊದಲು ಹಾಕಿದಾನಾ, ಕೊನೇಲಾ? ಕೊನೇಲಿದ್ರೂ ಪರವಾಗಿಲ್ಲ."

ಇಲ್ಲ ಎಂದರೆ ಕಟ್ಟುಪಾಡು ಮುರಿಯುತ್ತದೆ, ಇದೆ ಎಂದರೆ ಸುಳ್ಳಾಗುತ್ತದೆ. ತ್ಸೋಂಕ ಹಾಳೆಗಳ ಚೀಲವನ್ನು ಎದೆಗೊತ್ತಿಕೊಂಡಳು.

"ಗಿರಾಕಿ ಕಾಗದದ ವಿಷಯ ನಾವು ಹೇಳೋ ಹಾಗಿಲ್ಲ, ಯೋವ್ಕಾ."

ಇಷ್ಟು ವರ್ಷದ ನೆರೆಯವಳು ಹಾಗೆ ಅಂದದ್ದು ಕೇಳಿಯೇ ಯೋವ್ಕಳಿಗೆ ಅರ್ಥವಾಯಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ತ್ಸೋಂಕ ಮಾತ್ರ ಮೆಟ್ಟಿಲು ಹತ್ತಲಾರದೆ ಅಲ್ಲೇ ನಿಂತಿದ್ದಳು.